ಮಹಾವೀರಾಚಾರ್ಯರು ಪೋಣಿಸಿದ ಸಂಖ್ಯೆಯ ಹಾರ

ಮಹಾವೀರ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಸಮಾಜ ಪಾಠದಲ್ಲಿ ಬರುವ ಜೈನರ 24ನೆಯ ತೀರ್ಥಂಕರ. ಅದೇ ಹೆಸರಿನ ಇನ್ನೊಬ್ಬರು, ಸುಮಾರು ಸಾವಿರದ ನಾನೂರು ವರ್ಷ ಈಚೆಗೆ, ನಮ್ಮ ಕನ್ನಡ ನಾಡಿನಲ್ಲೇ ಬದುಕಿದ್ದರು. ಅವರು ಮಹಾವೀರಾಚಾರ್ಯರು. ಕ್ರಿ.ಶ. 850ರ ಸುಮಾರಿನವರು. ಅವರ ಕಸುಬು ಲೆಕ್ಕ.

ಅವರ ಮಾತು ಈ ಪುಟದಲ್ಲಿ ಯಾಕೆ ಬಂತೆಂದರೆ, ಮಗು ಐದನೆಯ ತರಗತಿ ಮುಗಿಸುವ ಹೊತ್ತಿಗೆ ಕನ್ನಡ ಮಾಧ್ಯಮದ ತಂದೆತಾಯಂದಿರಲ್ಲಿ ಒಂದು ಅಂಜಿಕೆ ಶುರುವಾಗುತ್ತದೆ. ಕಥೆ, ಪದ್ಯ ಕನ್ನಡದಲ್ಲಿ ಸರಿ. ಲೆಕ್ಕ ಕನ್ನಡದಲ್ಲಿ ಎಷ್ಟು ದೂರ ಹೋದೀತು? ದೊಡ್ಡ ದೊಡ್ಡ ಸಂಖ್ಯೆಗಳು, ವರ್ಗಮೂಲ, ಬೀಜಗಣಿತ ಬಂದಾಗ ಮಗು ಹಿಂದೆ ಬಿದ್ದರೆ? ಹೀಗೆ ಯೋಚಿಸಿ ಟಿ.ಸಿ. ಕೇಳಲು ಬಂದ ಬಹಳ ಮಂದಿಯನ್ನು ಮುಖ್ಯೋಪಾಧ್ಯಾಯನಾಗಿ ಕಂಡಿದ್ದೇನೆ. ಅಂಜಿಕೆ ಪೂರಾ ಹುಸಿ ಎಂದು ನಾನು ಹೇಳುವುದಿಲ್ಲ. ಮುಂದೆ ಕಾಲೇಜಿನ ಭಾಷೆ ಬೇರೆಯೇ ಇರುತ್ತದೆ, ಅದಕ್ಕೆ ತಯಾರಿ ಬೇಕು. ಆದರೆ ದೊಡ್ಡ ಸಂಖ್ಯೆಗೆ ನಮ್ಮ ಮಾತು ಸಾಲದು ಎಂಬ ಭಾಗ ಇದೆಯಲ್ಲ, ಅದು ಮಾತ್ರ ಒಪ್ಪತಕ್ಕದ್ದಲ್ಲ. ಮಹಾವೀರಾಚಾರ್ಯರನ್ನು ಓದಿದವರು ಯಾರೂ ಒಪ್ಪುವುದಿಲ್ಲ.

ಅವರ ಕಾಲದಲ್ಲಿ ಈ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. 814ರ ಸುಮಾರಿಗೆ ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಆಳಿದ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ಹೊಳೆಯ ದಂಡೆಯ ಊರು. ನಮಗೇನೂ ಪರದೇಶವಲ್ಲ. ಆದೋನಿಯಲ್ಲಿ ರೈಲು ಹತ್ತಿ, ರಾಯಚೂರು, ಯಾದಗಿರಿ ದಾಟಿ, ವಾಡಿಯಲ್ಲಿ ಇಳಿದು ಸಿಕಂದರಾಬಾದಿನ ದಾರಿ ಹಿಡಿದರೆ ಮಳಖೇಡ ರೋಡ್ ಎಂಬ ಸ್ಟೇಷನ್ನೇ ಸಿಗುತ್ತದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಹೇಳಿದ ಕವಿರಾಜಮಾರ್ಗ ಹುಟ್ಟಿದ್ದು ಇದೇ ಅರಸನ ಆಸ್ಥಾನದಲ್ಲಿ. ತುಂಗಭದ್ರೆಯ ಈಚೆಯ ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಎಲ್ಲ ಆ ಎರಡು ಹೊಳೆಗಳ ನಡುವೆಯೇ ಇವೆ.

ಆ ಅರಸನಿಗೆ ವಿದ್ವಾಂಸರೆಂದರೆ ಪ್ರೀತಿ. ಆದಿಪುರಾಣ ಬರೆದ ಜಿನಸೇನಾಚಾರ್ಯರು ಅವನಿಗೆ ಗುರುಸ್ಥಾನದಲ್ಲಿದ್ದರು. ವ್ಯಾಕರಣದ ಶಾಕಟಾಯನರು ತಮ್ಮ ವೃತ್ತಿಗೆ ಅರಸನ ಹೆಸರನ್ನೇ ಇಟ್ಟರು. ವೈದ್ಯದ ಉಗ್ರಾದಿತ್ಯರೂ ಆ ಕಾಲದವರೇ. ಈ ಸಾಲಿನಲ್ಲಿ ಲೆಕ್ಕದವರು ಮಹಾವೀರಾಚಾರ್ಯರು, ದಿಗಂಬರ ಜೈನ ಪಂಥದವರು. ಅವರು ತಮ್ಮ ಪುಸ್ತಕವನ್ನು ತೀರ್ಥಂಕರ ಮಹಾವೀರನಿಗೆ ವಂದಿಸಿ ಆರಂಭಿಸುತ್ತಾರೆ, ಆಮೇಲೆ ಅಮೋಘವರ್ಷನ ಆಳ್ವಿಕೆ ಬೆಳೆಯಲಿ ಎಂದು ಹರಸುತ್ತಾರೆ. ಅವರ ಬದುಕನ್ನು ಹೇಳುವುದೆಂದರೆ ಆ ಪುಸ್ತಕದ ಬದುಕನ್ನು ಹೇಳುವುದೇ. ಅದರ ಹೆಸರು ಗಣಿತಸಾರಸಂಗ್ರಹ. ಒಂಬತ್ತು ಅಧ್ಯಾಯ, ಸಾವಿರದ ನೂರಕ್ಕೂ ಹೆಚ್ಚು ಪದ್ಯ.

ಅದಕ್ಕೂ ಹಿಂದೆ ಆರ್ಯಭಟರು, ಬ್ರಹ್ಮಗುಪ್ತರು ಗಣಿತ ಹೇಳಿರಲಿಲ್ಲವೆಂದಲ್ಲ. ಆದರೆ ಅವರ ಗ್ರಂಥಗಳಲ್ಲಿ ಗಣಿತ ಬರುವುದು ಗ್ರಹ ನಕ್ಷತ್ರಗಳ ಲೆಕ್ಕದ ಜೊತೆಗೆ, ಒಂದೆರಡು ಅಧ್ಯಾಯವಾಗಿ. ಮಹಾವೀರಾಚಾರ್ಯರು ಪಂಚಾಂಗದ ಗೊಡವೆಗೆ ಹೋಗದೆ ಗಣಿತವೊಂದನ್ನೇ ಹಿಡಿದು ಪೂರ್ತಿ ಪುಸ್ತಕ ಬರೆದರು. ಲೋಕದ ಯಾವ ಕೆಲಸವೂ, ಅಡುಗೆ, ವೈದ್ಯ, ಮನೆ ಕಟ್ಟುವುದು, ಸಂಗೀತ, ಛಂದಸ್ಸು, ವ್ಯಾಪಾರ, ಯಾವುದೂ ಲೆಕ್ಕವಿಲ್ಲದೆ ನಡೆಯದು ಎಂದು ಮೊದಲ ಅಧ್ಯಾಯದಲ್ಲೇ ಹೇಳಿಬಿಡುತ್ತಾರೆ. ಬಡ್ಡಿ, ಚಿನ್ನದ ಬೆರಕೆ, ಹಣ್ಣು ಹಂಚುವುದು, ಗುಂಡಿ ತೋಡುವುದು, ನೆರಳು ಅಳೆಯುವುದು, ಎಲ್ಲವೂ ಮುಂದೆ ಬರುತ್ತವೆ. ನಮ್ಮ ಹತ್ತಿ ಮಾರ್ಕೆಟ್ಟಿನಲ್ಲಿ ನಿಂತು ತೂಕ, ದರ, ಕಡಿತ ನೋಡುವ ರೈತನಿಗೆ ಆ ಅಧ್ಯಾಯಗಳು ಪರಕೀಯ ಎನಿಸವು.

ಈಗ ದೊಡ್ಡ ಸಂಖ್ಯೆಯ ಮಾತಿಗೆ ಬರೋಣ. ಇಂದು ಕೋಟಿಯಾದ ಮೇಲೆ ನಮಗೆ ಹೆಸರೇ ಇಲ್ಲ. ಪೇಪರಿನಲ್ಲಿ ಬಜೆಟ್ಟಿನ ಸುದ್ದಿ ಬಂದರೆ ಲಕ್ಷ ಕೋಟಿ ಎಂದು ಎರಡು ಹೆಸರು ಕೂಡಿಸಿ ಹೇಳುತ್ತೇವೆ. ಮಹಾವೀರಾಚಾರ್ಯರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ. ಅಲ್ಲಿಂದ ಮುಂದೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಕೊನೆಯದೆಂದರೆ 1ರ ಮುಂದೆ 23 ಸೊನ್ನೆ. ತೀರ್ಥಂಕರರೂ 24, ಸ್ಥಾನಗಳೂ 24 ಎಂಬುದನ್ನು ಗಮನಿಸಿ ನಾನು ಒಬ್ಬನೇ ನಕ್ಕದ್ದುಂಟು.

ಇಲ್ಲಿ ಒಂದು ಸಣ್ಣ ಮಾತು. ನಾನು ಕನ್ನಡ, ತಮಿಳು ಎರಡೂ ಶಾಲೆಗಳಲ್ಲಿ ಓದಿದವನು. ತಮಿಳಿನಲ್ಲಿ ತೊಂಬತ್ತಕ್ಕೆ ತೊಣ್ಣೂರು ಎನ್ನುತ್ತಾರೆ. ನೂರಕ್ಕೆ ಹೋಗುವ ಮೊದಲೇ ನೂರಿನ ಸದ್ದು ಕೇಳಿಸಿ ಸಣ್ಣ ಮಕ್ಕಳು ತಡವರಿಸುತ್ತಾರೆ. ಕನ್ನಡದಲ್ಲಿ ಎಂಬತ್ತು, ತೊಂಬತ್ತು, ನೂರು ಎಂದು ನೇರ. ಮಗ್ಗಿ ಬಾಯಿಪಾಠ ಮಾಡುವ ವಯಸ್ಸಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಹೆಸರು ಕೊಟ್ಟು ಸುಮ್ಮನಾಗದೆ ಆಚಾರ್ಯರು ಆ ಸ್ಥಾನಗಳಲ್ಲಿ ಅಂಕಿಗಳನ್ನು ಆಟಕ್ಕೆ ಬಿಟ್ಟರು. ಗುಣಾಕಾರದ ಅಭ್ಯಾಸಕ್ಕೆ ಅವರು ಕೊಟ್ಟ ಒಂದು ಲೆಕ್ಕ ಇದು: 27994681ನ್ನು 441ರಿಂದ ಗುಣಿಸಬೇಕು. ಕೊಟ್ಟ ಸಂಖ್ಯೆಗಳನ್ನು ನೋಡಿದರೆ ಯಾವ ಚಂದವೂ ಇಲ್ಲ. ಸ್ಲೇಟಿನ ಮೇಲೆ ಮಾಡಿ ಮುಗಿಸಿದಾಗ ಬರುವ ಉತ್ತರ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದೊಂದೇ ಇಳಿಯುವುದು ಎಂದು ಆಚಾರ್ಯರು ಈ ಸಂಖ್ಯೆಯನ್ನು ವರ್ಣಿಸುತ್ತಾರೆ. ನಮ್ಮ ರೀತಿಯಲ್ಲಿ ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಅವರ ರೀತಿಯಲ್ಲಿ ಓದಿದರೆ ಅರ್ಬುದದ ಮನೆಯಲ್ಲಿ 1, ಶತಕೋಟಿಯ ಮನೆಯಲ್ಲಿ 2, ಹೀಗೆ ಲಕ್ಷದ ಮನೆಯಲ್ಲಿ 6, ಮತ್ತೆ ಇಳಿದು ಏಕದ ಮನೆಯಲ್ಲಿ 1.

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಹಾರವನ್ನು ಯಾವ ತುದಿಯಿಂದ ಹಿಡಿದರೂ ಮಣಿಗಳ ಸಾಲು ಒಂದೇ ಅಲ್ಲವೇ?

ಇದು ಹೇಗೆ ಬಂತು ಎಂದು ಮಕ್ಕಳು ಕೇಳುತ್ತಾರೆ, ಕೇಳಬೇಕು ಕೂಡ. ಸಣ್ಣದರಿಂದ ಶುರು ಮಾಡಿಸಿ. 11ನ್ನು 11ರಿಂದ ಗುಣಿಸಿದರೆ 121. 111ನ್ನು 111ರಿಂದ ಗುಣಿಸಿದರೆ 12321. 1111 ಆದರೆ 1234321. ಗುಣಾಕಾರದಲ್ಲಿ 111 ಎಂಬ ಸಾಲನ್ನೇ ಮೂರು ಸಲ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿಸಿ ಬರೆಯುತ್ತೇವೆ. ಅಂಚಿನ ಕಂಬದಲ್ಲಿ ಒಂದೇ 1, ಪಕ್ಕದಲ್ಲಿ ಎರಡು, ನಡುವೆ ಮೂರು, ಮತ್ತೆ ಎರಡು, ಒಂದು. ಕೂಡಿದರೆ ಏರಿಳಿತ ತಾನೇ ಮೂಡುತ್ತದೆ. ಆರು ಒಂದುಗಳ 111111ನ್ನು ಅದರಿಂದಲೇ ಗುಣಿಸಿದರೆ ಆಚಾರ್ಯರ ಸಂಖ್ಯೆ. ಅಂದರೆ ಅದು ಒಂದು ವರ್ಗಸಂಖ್ಯೆ. ಅವರು ಕೊಟ್ಟ 441 ಕೂಡ 21ರ ವರ್ಗ, 27994681 ಎಂಬುದು 5291ರ ವರ್ಗ. 21 ಮತ್ತು 5291ನ್ನು ಗುಣಿಸಿದರೆ 111111. ಚಂದವಿಲ್ಲದಂತೆ ಕಂಡ ಸಂಖ್ಯೆಗಳ ಒಳಗೆ ಈ ಏರ್ಪಾಟು ಇತ್ತು.

ಒಂಬತ್ತು ಒಂದುಗಳವರೆಗೆ ಈ ಏರಿಳಿತ ಕೆಡುವುದಿಲ್ಲ, 12345678987654321 ಬರುತ್ತದೆ. ಹತ್ತು ಒಂದುಗಳಿಗೆ ಹೋದರೆ ನಡುವಿನ ಕಂಬದ ಮೊತ್ತ 10 ಆಗಿ, ಒಂದು ಪಕ್ಕಕ್ಕೆ ಹೋಗಿ, ಹಾರ ಹರಿಯುತ್ತದೆ. ಎಲ್ಲಿ ಹರಿಯಿತು ಎಂದು ಮಗುವೇ ಕಂಡುಹಿಡಿಯಲಿ, ನೀವು ಹೇಳಬೇಡಿ.

ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಇನ್ನೂ ಒಳಗೆ ಹೋಗಬಹುದು. 12345654321ರ ಅಂಕಿಗಳನ್ನು ಕೂಡಿದರೆ 36, ಆದ್ದರಿಂದ 9ರಿಂದ ಭಾಗವಾಗುತ್ತದೆ. ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ ಎರಡು ಮೊತ್ತ ತೆಗೆದರೆ ಎರಡೂ 18, ವ್ಯತ್ಯಾಸ ಸೊನ್ನೆ, ಆದ್ದರಿಂದ 11ರಿಂದಲೂ ಭಾಗವಾಗುತ್ತದೆ. 111111 ಎಂಬುದು 111 ಮತ್ತು 1001ರ ಗುಣಲಬ್ಧ. 111ರೊಳಗೆ 3 ಮತ್ತು 37 ಇವೆ, 1001ರೊಳಗೆ 7, 11, 13 ಇವೆ. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಹಾಗಾದರೆ ಆಚಾರ್ಯರ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಸಲ ಇವೆ. ಪ್ರತಿಯೊಂದನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿ, ಐದು ಸಲ. ಮೂರನ್ನು ಐದು ಸಲ ಗುಣಿಸಿದರೆ 243. ಅಷ್ಟು ಅಪವರ್ತನಗಳು ಆ ಒಂದು ಹಾರದೊಳಗಿವೆ. ಇಷ್ಟನ್ನೂ ನಾನು ಕನ್ನಡದಲ್ಲೇ ಹೇಳಿದೆ, ಎಲ್ಲೂ ಪದ ಸಾಲದೆ ನಿಂತಿಲ್ಲ.

ಇನ್ನೊಂದು ಹಾರ ಸಣ್ಣ ಮಕ್ಕಳಿಗೆ. 12345679ನ್ನು 9ರಿಂದ ಗುಣಿಸಿದರೆ 111111111. ಕೊಟ್ಟ ಸಂಖ್ಯೆಯಲ್ಲಿ 8 ಇಲ್ಲ, ನೋಡಿ. ಯಾಕೆ ಬಿಟ್ಟರು? ಬಲದಿಂದ ಗುಣಿಸುತ್ತ ಬನ್ನಿ. ಒಂಬತ್ತೊಂಬತ್ಲ 81, ಒಂದು ಬರೆದು ಕೈಯಲ್ಲಿ 8. ಒಂಬತ್ತೇಳ್ಲ 63, ಕೈಯಲ್ಲಿನ 8 ಸೇರಿ 71. ಒಂದು ಬರೆದು ಕೈಯಲ್ಲಿ 7. ಆರಕ್ಕೆ 54 ಮತ್ತು 7 ಸೇರಿ 61. ಹೀಗೆ ಪ್ರತಿ ಸಲವೂ ಬರೆಯುವುದು ಒಂದೇ. ನಡುವೆ 8 ಇದ್ದಿದ್ದರೆ 72 ಮತ್ತು 8 ಸೇರಿ 80 ಆಗಿ ಸೊನ್ನೆ ಬೀಳುತ್ತಿತ್ತು. ನಮ್ಮ ಶಾಲೆಯ ಹುಡುಗರು 9ರ ಬದಲು 63ರಿಂದ ಗುಣಿಸಿ 777777777 ತಂದು, ಊರಿನವರಿಗೆಲ್ಲ ತೋರಿಸುತ್ತಿದ್ದರು. 152207ನ್ನು 73ರಿಂದ, 14287143ನ್ನು 7ರಿಂದ ಗುಣಿಸುವುದೂ ಅದೇ ಪುಸ್ತಕದಲ್ಲಿವೆ.

ಆಚಾರ್ಯರ ಸ್ವಭಾವ ತಿಳಿಯುವುದು ಅವರ ಸಮಸ್ಯೆಗಳಿಂದ. ಸನ್ಯಾಸಿಗಳ ಪಂಥದವರಾದರೂ ಒಣಗಿದ ಮನುಷ್ಯರಲ್ಲ. ಗಂಡ ಹೆಂಡಿರ ಪ್ರಣಯದ ಜಗಳದಲ್ಲಿ ಮುತ್ತಿನ ಹಾರ ಹರಿಯಿತು. ಆರನೆಯ ಒಂದು ಪಾಲು ಒಂದು ಕಡೆ, ಮೂರನೆಯ ಒಂದು ಪಾಲು ಇನ್ನೊಂದು ಕಡೆ ಬಿತ್ತು. ಉಳಿದದ್ದರ ಅರ್ಧ, ಮತ್ತೆ ಅದರಲ್ಲಿ ಉಳಿದದ್ದರ ಅರ್ಧ, ಹೀಗೆ ಆರು ಸಲ ಚೆಲ್ಲಿ ಹೋಗಿ ಕೊನೆಗೆ 1161 ಮುತ್ತು ಉಳಿದವು. ಒಟ್ಟು ಎಷ್ಟಿದ್ದವು? ಉತ್ತರ 148608. ಅಷ್ಟು ಮುತ್ತಿನ ಹಾರವನ್ನು ಯಾವ ಹೆಂಗಸು ಹೊತ್ತಾಳು ಎಂದು ಹುಡುಗಿಯರು ಕೇಳಿಯೇ ಕೇಳುತ್ತಾರೆ. ಇನ್ನೊಂದರಲ್ಲಿ ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಚೀಲ ಸಿಗುತ್ತದೆ. ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಒಟ್ಟಿನ ಎರಡರಷ್ಟು ನನ್ನದು ಎಂದು ಒಬ್ಬನ ಎಣಿಕೆ, ಮೂರರಷ್ಟು ಎಂದು ಎರಡನೆಯವನದು, ಐದರಷ್ಟು ಎಂದು ಮೂರನೆಯವನದು. ಚೀಲದಲ್ಲಿ 15 ಇದ್ದು, ಅವರ ಕೈಯಲ್ಲಿ 1, 3, 5 ಇದ್ದರೆ ಲೆಕ್ಕ ಸರಿಹೋಗುತ್ತದೆ.

ಭಿನ್ನರಾಶಿ ಕೂಡುವಾಗ ನಮ್ಮ ಮಕ್ಕಳು ತೆಗೆಯುವ ಲ.ಸಾ.ಅ. ಇದೆಯಲ್ಲ, ಆ ಕ್ರಮವನ್ನು ಆಚಾರ್ಯರು ನಿರುದ್ಧ ಎಂಬ ಹೆಸರಿನಲ್ಲಿ ಹೇಳಿದ್ದಾರೆ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ, ಏಕೆಂದರೆ ಯಾವ ವರ್ಗವೂ ಋಣವಾಗದು ಎಂದೂ ಸ್ಪಷ್ಟವಾಗಿ ಹೇಳಿದ್ದಾರೆ. ಸೊನ್ನೆಯ ವಿಷಯದಲ್ಲಿ ಮಾತ್ರ ಎಡವಿದರು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಇದ್ದ ಹಾಗೇ ಉಳಿಯುತ್ತದೆ ಎಂದರು. ಅದು ತಪ್ಪು, ಸೊನ್ನೆಯಿಂದ ಭಾಗಿಸುವಂತೆಯೇ ಇಲ್ಲ ಎಂದು ಇಂದಿನ ಪಾಠ. ಮಕ್ಕಳಿಗೆ ಇದನ್ನೂ ಹೇಳಬೇಕು. ಹಳಬರೆಂದ ಮಾತ್ರಕ್ಕೆ ಎಲ್ಲ ಸರಿ ಎಂದು ನಂಬಿಸುವವರು ಈಚೆಗೆ ಜಾಸ್ತಿಯಾಗಿದ್ದಾರೆ.

ಒಂದು ವಿಷಯವನ್ನು ಮುಚ್ಚಿಡಬಾರದು. ಗಣಿತಸಾರಸಂಗ್ರಹ ಇರುವುದು ಸಂಸ್ಕೃತದಲ್ಲಿ, ಕನ್ನಡದಲ್ಲಲ್ಲ. ಅಂದಿನ ವಿದ್ಯೆಯ ಭಾಷೆ ಅದು. ಇಂದು ಇಂಗ್ಲಿಷ್ ಇರುವಂತೆ. ಆದರೆ ಓದುವವರು ಅದನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡರು. ವಲ್ಲಭ ಎಂಬವರು ಕನ್ನಡದಲ್ಲಿ ವ್ಯಾಖ್ಯಾನ ಬರೆದರು. ತಾಳೆಗರಿಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಕಾಪಾಡಿದರು. 12ನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ನೇರವಾಗಿ ಕನ್ನಡದಲ್ಲೇ ಬರೆದ. ಆಚಾರ್ಯರ ವರ್ಗ, ವರ್ಗಮೂಲ, ಘನ, ಘನಮೂಲ, ತ್ರೈರಾಶಿಕ ಎಂಬ ಮಾತುಗಳು ನಮ್ಮ ಮಕ್ಕಳ ಪಠ್ಯದಲ್ಲಿ ಇಂದಿಗೂ ಇವೆ. ಪಕ್ಕದ ತೆಲುಗು ಮಾಧ್ಯಮದ ಕೋಣೆಯಲ್ಲೂ ವರ್ಗಮೂಲಕ್ಕೆ ಅದೇ ಹೆಸರು.

ತೆಲುಗಿಗೂ ಈ ಪುಸ್ತಕಕ್ಕೂ ಹಳೆಯ ನಂಟಿದೆ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗು ಪದ್ಯಕ್ಕೆ ತಂದ. ಜೈನ ಉದಾಹರಣೆಗಳ ಜಾಗದಲ್ಲಿ ಶಿವಭಕ್ತರಿಗೆ ಹೊಂದುವ ಉದಾಹರಣೆ ಹಾಕಿದ, ತನ್ನ ಕಡೆಯಿಂದಲೂ ಸೇರಿಸಿದ. ಚದುರಂಗದ 64 ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಇಮ್ಮಡಿಸುತ್ತ ಹೋದರೆ ಬರುವ ಒಟ್ಟು ಮೊತ್ತ, 18446744073709551615 ಎಂಬ ಇಪ್ಪತ್ತಂಕಿಯ ಸಂಖ್ಯೆ, ಅವನ ಹೆಸರಿನ ಒಂದು ತೆಲುಗು ಪದ್ಯದಲ್ಲಿ ಅಡಗಿದೆ. ಚಂದ್ರ ಎಂದರೆ 1, ಬಾಣ ಎಂದರೆ 5, ಋತು ಎಂದರೆ 6 ಎಂಬ ಹಾಗೆ ವಸ್ತುಗಳ ಹೆಸರಿನಲ್ಲಿ ಅಂಕಿ ಹೇಳುವ ಪದ್ಧತಿ ಅದು. ಮಹಾವೀರಾಚಾರ್ಯರೂ ಅದನ್ನು ಬಳಸಿದ್ದಾರೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುವ ನಮ್ಮ ಮಕ್ಕಳಿಗೆ ಈ ಎರಡೂ ಪುಸ್ತಕಗಳು ಸ್ವಂತದವೇ.

ಆಮೇಲೆ ಶತಮಾನಗಟ್ಟಲೆ ಪುಸ್ತಕ ಮಠಗಳ, ಭಂಡಾರಗಳ ಕಪಾಟಿನಲ್ಲಿ ಉಳಿಯಿತು. ಅದನ್ನು ಹೊರಗೆ ತಂದವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು. ಅವರು ಹೋಲಿಸಿ ನೋಡಿದ ಪ್ರತಿಗಳಲ್ಲಿ ಮೂಡಬಿದಿರೆಯ ಜೈನ ಮಠದ ಕನ್ನಡ ಲಿಪಿಯ ತಾಳೆಗರಿಯೂ ಒಂದು. 1908ರಲ್ಲಿ ರೋಮ್ ನಗರದ ಗಣಿತ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜಿನ್ ಸ್ಮಿತ್ ಈ ಗ್ರಂಥದ ವಿಷಯ ಮಾತಾಡಿದರು. 1912ರಲ್ಲಿ ಮದ್ರಾಸ್ ಸರ್ಕಾರ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಅಚ್ಚು ಹಾಕಿಸಿತು. ಅದೇ ವರ್ಷ ಅದೇ ಪಟ್ಟಣದ ಪೋರ್ಟ್ ಟ್ರಸ್ಟಿನಲ್ಲಿ ಶ್ರೀನಿವಾಸ ರಾಮಾನುಜನ್ ಎಂಬ ಯುವಕ ಗುಮಾಸ್ತನಾಗಿ ಸೇರಿದ್ದ. ಆದೋನಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ ತಾಲ್ಲೂಕು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು.

ಕನ್ನಡ ಅನುವಾದ ಬರಲು ಇನ್ನೂ ಬಹಳ ಕಾಲ ಹಿಡಿಯಿತು. 2000ದಲ್ಲಿ ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದ, ಮೂಲ ಸಂಸ್ಕೃತ ಮತ್ತು ಇಂಗ್ಲಿಷ್ ಅನುವಾದದ ಜೊತೆಗೆ, ಹೊಂಬುಜದಿಂದ ಪ್ರಕಟವಾಯಿತು. ಶಾಲೆಯ ಲೈಬ್ರರಿಗೆ ಈ ವರ್ಷ ಯಾವ ಪುಸ್ತಕ ತರಿಸೋಣ ಎಂದು ಪೋಷಕರ ಸಭೆಯಲ್ಲಿ ಕೇಳಿದರೆ ಇದರ ಹೆಸರು ಹೇಳಿ. ತರಿಸಿದ ಮೇಲೆ ಏಳನೆಯ ತರಗತಿಯ ಮಕ್ಕಳಿಗೆ ಮೊದಲು ಗುಣಾಕಾರದ ಭಾಗ ತೆಗೆದುಕೊಡಿ. 333333666667ನ್ನು 33ರಿಂದ ಗುಣಿಸಿದರೆ ಬರುವ ಹಾರ ಅಲ್ಲಿದೆ; ಅದೂ ಆಚಾರ್ಯರು ಪೋಣಿಸಿದ್ದೇ.